ಹೂಜಿ ಗಿಡದ ಹೂಜಿಗಳೆಲ್ಲ ಒಣಗಿದವು, ಹೊಸದು ಬರುತ್ತಲೇ ಇಲ್ಲ

ಟೀಚರ್_ಕುವೆಂಪುನಗರ
ಫೆಬ್ರವರಿ 11

ಎಲ್ಲರಿಗೂ ನಮಸ್ಕಾರ. ಇಲ್ಲಿ ಇದು ನನ್ನ ಮೊದಲ ಪ್ರಶ್ನೆ. ಸ್ವಲ್ಪ ಉದ್ದವಾಗುತ್ತದೆ. ಟೀಚರ್ ಆಗಿದ್ದವಳು, ಚಿಕ್ಕದಾಗಿ ಹೇಳುವುದು ಅಭ್ಯಾಸವಿಲ್ಲ.

29 ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದೆ. ಕೀಟಾಹಾರಿ ಸಸ್ಯಗಳ ಪಾಠ ಬಂದಾಗಲೆಲ್ಲ ಬೋರ್ಡಿನ ಮೇಲೆ ಹೂಜಿ ಗಿಡ ಬರೆಯುತ್ತಿದ್ದೆ. ಈಗಲೂ ಕಣ್ಣು ಮುಚ್ಚಿಕೊಂಡು ಬರೆಯಬಲ್ಲೆ. ಒಂದು ಎಲೆ, ಎಲೆಯ ತುದಿಗೆ ಕುಡಿ, ಕುಡಿಯ ತುದಿಗೆ ಹೂಜಿ, ಹೂಜಿಗೊಂದು ಮುಚ್ಚಳ. ಆದರೆ ನಿಜವಾದ ಗಿಡವನ್ನು ನೋಡಿದ್ದು ರಿಟೈರ್ ಆದ ಮೇಲೆ! ಹೋದ ದಸರಾದಲ್ಲಿ ಮೊಮ್ಮಗನನ್ನು ಕರೆದುಕೊಂಡು ಕುಪ್ಪಣ್ಣ ಪಾರ್ಕಿನ ಫಲಪುಷ್ಪ ಪ್ರದರ್ಶನಕ್ಕೆ ಹೋಗಿದ್ದೆ. ವಾಪಸ್ ಬರುವಾಗ ರಸ್ತೆ ಬದಿ ಗಿಡ ಮಾರುವವನೊಬ್ಬನ ಹತ್ತಿರ ನೇತು ಹಾಕಿದ ಕುಂಡ ಕಾಣಿಸಿತು. ಅದರಿಂದ ಆರು ಹೂಜಿ ಇಳಿಬಿದ್ದಿದ್ದವು. ಅಲ್ಲೇ ನಿಂತುಬಿಟ್ಟೆ. ಮೊಮ್ಮಗ ಐಸ್‌ಕ್ರೀಮ್ ಅಂತ ಸೆರಗು ಜಗ್ಗುತ್ತಿದ್ದಾನೆ, ನಾನು ಹೂಜಿಯ ಬಾಯಿಯ ಅಂಚನ್ನು ಬೆರಳಲ್ಲಿ ಸವರಿ ನೋಡುತ್ತಿದ್ದೇನೆ. ಎಷ್ಟು ನುಣುಪು ಅಂತೀರಿ! 650 ಅಂದ, ಚೌಕಾಸಿ ಮಾಡಿ 500ಕ್ಕೆ ತಂದೆ. ಆಟೋದಲ್ಲಿ ಒಂದೆರಡು ಹೂಜಿ ಮಗುಚಿ ಒಳಗಿನ ನೀರು ಸೀರೆಗೆ ಚೆಲ್ಲಿತು. ಸ್ವಲ್ಪ ಅಂಟಂಟಾಗಿತ್ತು.

ದೀಪಾವಳಿವರೆಗೆ ಚೆನ್ನಾಗಿತ್ತು. ಆಮೇಲೆ ಒಂದೊಂದೇ ಹೂಜಿ ಮೇಲಿನಿಂದ ಕಂದು ಬಣ್ಣಕ್ಕೆ ತಿರುಗಿ ಒಣಗಿತು. ಸಂಕ್ರಾಂತಿ ಹೊತ್ತಿಗೆ ಆರೂ ಹೋದವು. ಹಾಗಂತ ಗಿಡ ಸತ್ತಿಲ್ಲ. ಆಗಿನಿಂದ ಮೂರು ಹೊಸ ಎಲೆ ಬಂದಿವೆ. ಪ್ರತಿ ಎಲೆಗೂ ಕುಡಿ ಬರುತ್ತದೆ, ಕುಡಿಯ ತುದಿ ಸಾಸಿವೆ ಕಾಳಿನಷ್ಟು ಉಬ್ಬುತ್ತದೆ, ಅಲ್ಲಿಗೆ ಕಪ್ಪಾಗಿ ನಿಂತುಬಿಡುತ್ತದೆ. ಎಲೆಗಳ ಅಂಚೂ ಸುಟ್ಟ ಹಾಗೆ ಆಗಿದೆ.

ನಾನು ಮಾಡುತ್ತಿರುವುದು ಇಷ್ಟು. ಗಿಡ ಹಾಲ್‌ನಲ್ಲಿ ಟಿವಿ ಪಕ್ಕ ಇದೆ, ಬಂದವರಿಗೆ ಕಾಣಲಿ ಅಂತ. ಈ ಗಿಡಕ್ಕೆ ಶುದ್ಧವಾದ ನೀರೇ ಬೇಕು ಎಂದು ಓದಿದ್ದರಿಂದ ಬೋರ್‌ವೆಲ್ ನೀರು ಮುಟ್ಟಿಸಿಲ್ಲ. ಆರ್‌ಓ ಫಿಲ್ಟರಿನ ನೀರನ್ನೇ ಹಾಕುತ್ತೇನೆ. ಅದಕ್ಕೆಂದೇ ಅಡುಗೆಮನೆಯಲ್ಲಿ ಒಂದು ಬಕೆಟ್ ಇಟ್ಟಿದ್ದೇನೆ. ನವೆಂಬರಿನಲ್ಲಿ ಒಂದು ಹಿಡಿ ಎರೆಗೊಬ್ಬರ ಕೊಟ್ಟೆ. ಕುಂಡ ಬದಲಾಯಿಸಿಲ್ಲ.

ಇನ್ನೊಂದು ವಿಷಯ ಹೇಳಿಬಿಡುತ್ತೇನೆ, ನಗಬೇಡಿ. ಕೊನೆಗೆ ಉಳಿದಿದ್ದ ಹೂಜಿಯಿಂದ ವಾಸನೆ ಬಂತು ಅಂತ ಬಗ್ಗಿಸಿ ನೋಡಿದರೆ ಒಳಗೆ ಬೂಸ್ಟು ಹಿಡಿದ ಕೋಡುಬಳೆ ಚೂರು. ಮೊಮ್ಮಗನ ಕೆಲಸ. "ಅಜ್ಜಿ, ಅದಕ್ಕೆ ಹುಳ ಸಿಗ್ತಾ ಇರಲಿಲ್ಲ" ಅಂದ.

ನಾನು ಎಲ್ಲಿ ತಪ್ಪುತ್ತಿದ್ದೇನೆ? ತಿಳಿದವರು ಹೇಳಿ.


ಸುಮ್ನೆ_ನೋಡ್ತೀನಿ
ಫೆಬ್ರವರಿ 11

ನಮ್ಮ ಮನೆಯ ಎಲ್ಲ ಗಿಡಕ್ಕೂ ಅಕ್ಕಿ ತೊಳೆದ ನೀರು ಹಾಕುತ್ತೇವೆ ಮೇಡಂ, ಗುಲಾಬಿ ಎಷ್ಟು ಚೆನ್ನಾಗಿ ಬಂದಿದೆ ಗೊತ್ತಾ. ಒಂದು ಸಲ ಹಾಕಿ ನೋಡಿ. ಅಂದ ಹಾಗೆ ಈ ಗಿಡ ಇಟ್ಟರೆ ಸೊಳ್ಳೆ ಕಮ್ಮಿ ಆಗುತ್ತದಾ? ಹಾಗಿದ್ದರೆ ನಾನೂ ಎರಡು ತರುತ್ತೇನೆ.


ಗಂಗೋತ್ರಿ_ಗಿಡ
ಫೆಬ್ರವರಿ 11

ಅಕ್ಕಿ ತೊಳೆದ ನೀರು ಬೇಡವೇ ಬೇಡ ಮೇಡಂ. ಗುಲಾಬಿ ಬೇರೆ, ಇದು ಬೇರೆ. ಎರೆಗೊಬ್ಬರವೂ ಬೇಡವಾಗಿತ್ತು. ಮೇಲಿನ ಪದರದಲ್ಲಿ ಕಾಣುವಷ್ಟನ್ನು ಚಮಚದಲ್ಲಿ ಕೆರೆದು ತೆಗೆಯಿರಿ. ಬೇರು ಕಪ್ಪಾಗಿ, ಕೂದಲಿನ ಹಾಗೆ ಇರುತ್ತದೆ, ಮುಟ್ಟಿದರೆ ಮುರಿಯುತ್ತದೆ. ಹುಷಾರು.

ಮಾನಸಗಂಗೋತ್ರಿಯಲ್ಲಿ ಬಾಟನಿ ಓದಿದವನು ನಾನು. ಹೂಜಿ ಗಿಡ ಸಾಕಿ ಒಂದನ್ನು ಕೊಂದಿದ್ದೇನೆ, ಎರಡನ್ನು ಉಳಿಸಿಕೊಂಡಿದ್ದೇನೆ. ನಮ್ಮ ದೇಶದ ಕಾಡಿನಲ್ಲಿ ಬೆಳೆಯುವುದು ಒಂದೇ ಜಾತಿ, ನೆಪೆಂಥಿಸ್ ಖಾಸಿಯಾನಾ. ಮೇಘಾಲಯದ ಗುಡ್ಡಗಳಲ್ಲಿದೆ. 1873ರಲ್ಲಿ ಜೋಸೆಫ್ ಹುಕರ್ ಹೆಸರಿಟ್ಟಿದ್ದು. ಗಾರೋ ಜನ ಅದನ್ನು 'ಮೆಮಾಂಗ್ ಕೊಕ್ಸಿ' ಅನ್ನುತ್ತಾರೆ, ದೆವ್ವದ ಬುಟ್ಟಿ ಅಂತ. ಅಳಿವಿನಂಚಿನಲ್ಲಿದೆ, ಕಾಡಿನಿಂದ ಕಿತ್ತು ತಂದದ್ದನ್ನು ಯಾರೂ ಕೊಳ್ಳಬಾರದು. ನೀವು ತಂದಿರುವುದು ಬಹುಶಃ ವೆಂಟ್ರಾಟಾ ಎಂಬ ಮಿಶ್ರತಳಿ, ಅದರ ಮೂಲ ಫಿಲಿಪ್ಪೀನ್ಸ್. ಅಂಗಡಿಗಳಲ್ಲಿ ಜಾಸ್ತಿ ಸಿಗುವುದು ಅದೇ. ಗಟ್ಟಿ ಗಿಡ, ಮೈಸೂರಿನ ಚಳಿ, ಸೆಖೆ ಎರಡನ್ನೂ ತಡೆಯುತ್ತದೆ.

ಖಾಸಿ ಗುಡ್ಡದ ಚಿರಾಪುಂಜಿಯಲ್ಲಿ ವರ್ಷಕ್ಕೆ 11,000 ಮಿಲಿಮೀಟರಿಗಿಂತ ಜಾಸ್ತಿ ಮಳೆ. ನಮ್ಮಲ್ಲಿ ಸುಮಾರು 800. ಅಷ್ಟು ಮಳೆ ಬೀಳುವ ಕಡೆ ಮಣ್ಣಿನ ಸಾರ, ಉಪ್ಪು ಎಲ್ಲ ತೊಳೆದು ಹೋಗಿರುತ್ತದೆ. ಬೇರಿಗೆ ಸಿಗದ ಸಾರಜನಕವನ್ನು ಗಿಡ ಹುಳದಿಂದ ತೆಗೆದುಕೊಳ್ಳುತ್ತದೆ. ಆ ಬೇರಿಗೆ ಉಪ್ಪಿನ ಅಭ್ಯಾಸವೇ ಇಲ್ಲ.

ಒಣಗಿದ ಹೂಜಿಗಳ ಬಗ್ಗೆ ಚಿಂತೆ ಬಿಡಿ. ಆಟೋದಲ್ಲಿ ನೀರು ಚೆಲ್ಲಿತು ಅಂದಿರಲ್ಲ, ಹಾಗಾದರೂ ಒಣಗುತ್ತವೆ. ಬಾಯಿ ತೆರೆಯುವ ಮೊದಲೇ ಆ ನೀರನ್ನು ಗಿಡ ತಾನೇ ಒಳಗೆ ತುಂಬಿಕೊಂಡಿರುತ್ತದೆ. ಒಂದು ಎಲೆಗೆ ಒಂದೇ ಹೂಜಿ. ಅದು ಹೋದರೆ ಅದೇ ಎಲೆಗೆ ಮತ್ತೆ ಬರುವುದಿಲ್ಲ, ಹೊಸ ಎಲೆಗೇ ಕಾಯಬೇಕು. ಕಂದು ಹೂಜಿಯನ್ನು ಕತ್ತರಿಸಿ, ಹಸಿರು ಎಲೆಯನ್ನು ಬಿಡಿ.

ತಪ್ಪು ತಿಳಿಯಬೇಡಿ, ನಿಮ್ಮ ಬೋರ್ಡಿನ ಚಿತ್ರಕ್ಕೆ ಒಂದು ತಿದ್ದುಪಡಿ. ನಾವು ಎಲೆ ಅನ್ನುವ ಆ ಹಸಿರು ಪಟ್ಟಿ ನಿಜವಾಗಿ ಅಗಲವಾದ ಎಲೆಯ ಬುಡ. ಎಲೆಯ ಅಲಗೇ ಹೂಜಿಯಾಗಿರುವುದು. ಆಮೇಲೆ ಆ ಮುಚ್ಚಳ ಹುಳ ಬಿದ್ದ ತಕ್ಷಣ ಮುಚ್ಚಿಕೊಳ್ಳುವುದಿಲ್ಲ. ಒಂದು ಸಲ ತೆರೆದರೆ ತೆರೆದೇ ಇರುತ್ತದೆ. ಅದು ಮಳೆಗೆ ಕೊಡೆ.

ಸುಮ್ನೆ ಅವರಿಗೆ: ಸೊಳ್ಳೆ ಕಮ್ಮಿಯಾಗುವುದಿಲ್ಲ. ಬೀಳುವುದು ಹೆಚ್ಚಾಗಿ ಇರುವೆ. ಕಾಡಿನಲ್ಲಂತೂ ಕೆಲವು ಜಾತಿ ಸೊಳ್ಳೆಯ ಮರಿಗಳು ಹೂಜಿಯ ನೀರಿನಲ್ಲೇ ಆರಾಮಾಗಿ ಬೆಳೆಯುತ್ತವೆ.


ಮದ್ದೂರು_ವಡೆ
ಫೆಬ್ರವರಿ 12

ಮೇಡಂ, ಒಂದೇ ಪ್ರಶ್ನೆ. ಬಕೆಟ್ ಯಾಕೆ?

ಫಿಲ್ಟರ್ ನೀರು ಮೆಷಿನ್ನಿನ ನಲ್ಲಿಯಲ್ಲಿ ಬರುತ್ತದೆ ಅಲ್ವಾ. ಲೋಟಕ್ಕೋ ಬಾಟಲಿಗೋ ಹಿಡಿಯುತ್ತೇವೆ. ಬಕೆಟ್ ಇಡುವುದು ಇನ್ನೊಂದು ಪೈಪಿನ ಕೆಳಗೆ, ಸಿಂಕಿಗೆ ಬಿಡುವ ಸಣ್ಣ ಬಿಳಿ ಪೈಪು. ಅದು ವೇಸ್ಟ್ ನೀರು, ಫಿಲ್ಟರ್ ತೆಗೆದ ಉಪ್ಪೆಲ್ಲ ಅದರಲ್ಲೇ ಇರುತ್ತದೆ. ನಿಮ್ಮ ಬಕೆಟ್ ಎಲ್ಲಿದೆ ಅಂತ ಒಂದು ಸಲ ಹೋಗಿ ನೋಡಿ.

ನಮ್ಮ ಮನೆಯಲ್ಲೂ ಇದೇ ಆಗಿತ್ತು, ಅದಕ್ಕೇ ಕೇಳಿದೆ. ನೀರು ದಂಡ ಮಾಡಬಾರದು ಅಂತ ಅಪ್ಪ ಆ ಪೈಪಿನ ಕೆಳಗೆ ಕೊಳದಪ್ಪಲೆ ಇಟ್ಟಿದ್ದರು. ಮದ್ದೂರಿನ ನಮ್ಮ ಬೋರಿನ ನೀರು ಮೊದಲೇ ಗಡಸು. ಸ್ಟೀಲ್ ಲೋಟ ತೊಳೆದಿಟ್ಟರೆ ಬಿಳಿ ಚುಕ್ಕಿ, ಗೀಸರಿನ ಕಾಯಿಲ್ ವರ್ಷಕ್ಕೊಂದು. ಆ ಕೊಳದಪ್ಪಲೆ ನೀರನ್ನು ನನ್ನ ಆರ್ಕಿಡ್‌ಗೆ ಹಾಕಿ ಹಾಕಿ ಬೇರಿನ ಮೇಲೆ ಸುಣ್ಣ ಬಳಿದ ಹಾಗೆ ಆಗಿತ್ತು. ಯಾವ ಪೈಪು ಅಂತ ಯಾರೂ ಕೇಳಿರಲಿಲ್ಲ, ಎಲ್ಲರೂ "ಆರ್‌ಓ ನೀರು ತಾನೇ" ಅಂದುಕೊಂಡಿದ್ದರು.

ಟಿಡಿಎಸ್ ಮೀಟರ್ ಅಂತ ಪೆನ್ನಿನ ಹಾಗೆ ಇರುತ್ತದೆ, ಒಂದು ಲೀಟರ್ ನೀರಿನಲ್ಲಿ ಎಷ್ಟು ಮಿಲಿಗ್ರಾಂ ಉಪ್ಪು ಕರಗಿದೆ ಅಂತ ತೋರಿಸುತ್ತದೆ. ಫಿಲ್ಟರ್ ಸರ್ವಿಸಿಗೆ ಬರುವ ಹುಡುಗನ ಜೇಬಿನಲ್ಲಿ ಇದ್ದೇ ಇರುತ್ತದೆ. ಟ್ಯಾಂಕು, ಫಿಲ್ಟರಿನ ನಲ್ಲಿ, ಬಕೆಟ್, ಮೂರು ಕಡೆಯ ನೀರನ್ನೂ ಅಳೆಸಿ. ಹೂಜಿ ಗಿಡಕ್ಕೆ 50ರ ಒಳಗಿದ್ದರೆ ಒಳ್ಳೆಯದು, 100ರವರೆಗೂ ನಡೆಯುತ್ತದೆ. ಇನ್ನೊಂದು ವಿಷಯ. ಕೆಲವು ಮೆಷಿನ್ನಿನಲ್ಲಿ ರುಚಿಗೆ ಅಂತ ಶುದ್ಧ ನೀರಿಗೆ ಮತ್ತೆ ಸ್ವಲ್ಪ ಮಾಮೂಲಿ ನೀರು ಬೆರೆಸುವ ಸ್ಕ್ರೂ ಇರುತ್ತದೆ. ಅದನ್ನೂ ಕೇಳಿ.


ಟೀಚರ್_ಕುವೆಂಪುನಗರ
ಫೆಬ್ರವರಿ 16

ಏನು ಹೇಳಲಿ. ಮದ್ದೂರು ಅವರ ಮಾತು ಓದಿ ಕೈಯಲ್ಲಿದ್ದ ಕಾಫಿ ಅಲ್ಲೇ ಇಟ್ಟು ಅಡುಗೆಮನೆಗೆ ಹೋದೆ. ಬಕೆಟ್ ಇರುವುದು ಬಿಳಿ ಪೈಪಿನ ಕೆಳಗೇ!

ಆದದ್ದು ಹೀಗೆ. ಫಿಲ್ಟರ್ ಹಾಕಿಸಿದಾಗ ಮಗ "ಅಮ್ಮ, ಆರ್‌ಓ ನೀರನ್ನು ಗಿಡಕ್ಕೆ ಹಾಕಬಹುದು, ಬಕೆಟ್‌ನಲ್ಲಿ ಹಿಡಿದಿಡು" ಅಂದಿದ್ದ. ಅವನು ಹೇಳಿದ್ದು ತುಳಸಿ, ದಾಸವಾಳಕ್ಕೆ. ನನ್ನ ತಲೆಯಲ್ಲಿ ಉಳಿದದ್ದು 'ಆರ್‌ಓ ನೀರು, ಗಿಡ, ಬಕೆಟ್' ಅಂತ ಮೂರು ಪದ.

ಸರ್ವಿಸಿನ ಹುಡುಗ ನಿನ್ನೆ ಬಂದ. ಟ್ಯಾಂಕಿನ ನೀರು 610. ಕುಡಿಯುವ ನೀರು 48. ಬಕೆಟ್ಟಿನದು 860. ನಮ್ಮ ಬೀದಿಗೆ ಕಾವೇರಿ ನೀರು ದಿನ ಬಿಟ್ಟು ದಿನ, ಉಳಿದಂತೆ ಬೋರು. ಎರಡೂ ಒಂದೇ ಟ್ಯಾಂಕಿಗೆ ಬೀಳುತ್ತವೆ, ಹಾಗಾಗಿ 610 ದಿನಕ್ಕೊಂದು ಥರ ಇರಬಹುದು. ಮೂರು ಲೀಟರ್ ಹೋದರೆ ಒಂದು ಲೀಟರ್ ಕುಡಿಯಲು, ಎರಡು ಲೀಟರ್ ವೇಸ್ಟ್ ಅಂತ ಅವನೇ ಹೇಳಿದ. ಟೀಚರ್ ಬುದ್ಧಿ ಬಿಡುತ್ತದಾ, ಕ್ಯಾಲೆಂಡರಿನ ಹಿಂದೆ ಲೆಕ್ಕ ಹಾಕಿದೆ. ಮೂರು ಲೀಟರಿನ ಉಪ್ಪು 1830. ಅದರಲ್ಲಿ 48 ಈ ಕಡೆ ಬಂತು. ಉಳಿದ 1782 ಎರಡು ಲೀಟರಿನಲ್ಲಿ, ಅಂದರೆ ಲೀಟರಿಗೆ 891. ಮೀಟರ್ 860 ತೋರಿಸಿತು. ಪರವಾಗಿಲ್ಲ, ಪಾಸು.

ಅಂದರೆ ನಾಲ್ಕು ತಿಂಗಳು ಟ್ಯಾಂಕಿನ ನೀರಿಗಿಂತ ಕೆಟ್ಟ ನೀರನ್ನು ಶುದ್ಧ ನೀರು ಅಂತ ನಾನೇ ಕೈಯಾರೆ ಕುಡಿಸಿದ್ದೇನೆ. ಮಾವಿನಕಾಯಿ ಹೋಳುಗಳಿಗೆ ಉಪ್ಪು ಬೆರೆಸಿಟ್ಟರೆ ರಾತ್ರಿ ಕಳೆಯುವುದರಲ್ಲಿ ನೀರು ಬಿಡುತ್ತದಲ್ಲ, ಪರಾಸರಣಕ್ಕೆ (ಆಸ್ಮೋಸಿಸ್, ಉಪ್ಪು ಜಾಸ್ತಿ ಇರುವ ಕಡೆಗೆ ನೀರು ಹೋಗುವುದು) ಮಕ್ಕಳಿಗೆ ಕೊಡುತ್ತಿದ್ದ ಉದಾಹರಣೆ ಅದೇ. ಕುಂಡದೊಳಗೆ ನಾನು ಮಾಡುತ್ತಿದ್ದದ್ದೂ ಉಪ್ಪಿನಕಾಯಿಯೇ.

ಗಂಗೋತ್ರಿ ಅವರೇ, ತಿದ್ದುಪಡಿಗೆ ಥ್ಯಾಂಕ್ಸ್. ಎಲೆಯ ಬುಡದ ವಿಷಯ ಗೊತ್ತಿತ್ತು, ಹೈಸ್ಕೂಲಿಗೆ ಅಷ್ಟು ಬೇಡ ಅಂತ ಬಿಡುತ್ತಿದ್ದೆ. ಆದರೆ ಮುಚ್ಚಳ! "ಹುಳ ಬಿದ್ದ ತಕ್ಷಣ ಮುಚ್ಚಳ ಟಪ್ ಅಂತ ಮುಚ್ಚಿಕೊಳ್ಳುತ್ತದೆ" ಅಂತ ಕೈ ತಟ್ಟಿ ಅಭಿನಯ ಮಾಡಿ ತೋರಿಸುತ್ತಿದ್ದೆ. ಮಕ್ಕಳಿಗೆ ಆ ಪಾಠದಲ್ಲಿ ಅದೊಂದೇ ಇಷ್ಟ. 29 ಬ್ಯಾಚ್. ಈಗ ಯಾರನ್ನು ಎಲ್ಲಿ ಅಂತ ಹುಡುಕಿ ತಿದ್ದಲಿ?

ಈಗ ಏನು ಮಾಡಲಿ? ಕುಂಡದ ಮಣ್ಣು ಬದಲಾಯಿಸಬೇಕಾ? ಟಿವಿ ಪಕ್ಕ ಇಡಬಹುದಾ?


ಬೋಗಾದಿ_ಬಾಲ್ಕನಿ
ಫೆಬ್ರವರಿ 16

ಟೀಚರ್, ಟಿವಿ ಪಕ್ಕ ಬೇಡ. ನೀರು ಸರಿ ಮಾಡಿದರೂ ಅಲ್ಲಿ ಹೂಜಿ ಬರುವುದಿಲ್ಲ. ನಮ್ಮ ಕಣ್ಣಿಗೆ ಹಾಲ್ ಬೆಳಕಾಗಿ ಕಾಣುತ್ತದೆ, ಗಿಡಕ್ಕೆ ಅದು ಕತ್ತಲು. ಹೊಸ ಎಲೆ ಉದ್ದುದ್ದ, ಕಡು ಹಸಿರು, ಜೋಲು ಬಿದ್ದ ಹಾಗೆ ಇದ್ದರೆ ಬೆಳಕು ಸಾಲದು ಅಂತಲೇ ಅರ್ಥ. ಪೂರ್ವದ ಕಿಟಕಿ ಇದೆಯಾ? ಬೆಳಿಗ್ಗೆ ಒಂದೆರಡು ಗಂಟೆ ಬಿಸಿಲು, ಆಮೇಲೆ ದಿನವಿಡೀ ಬರೀ ಬೆಳಕು. ಒಂದೇ ಸಲ ಬಿಸಿಲಿಗೆ ತಳ್ಳಬೇಡಿ, ವಾರ ಹತ್ತು ದಿನದಲ್ಲಿ ಸರಿಸುತ್ತಾ ಹೋಗಿ. ಪಶ್ಚಿಮದ ಕಿಟಕಿ ಮಾರ್ಚಿನಲ್ಲಿ ಬೇಡವೇ ಬೇಡ.

ಮಣ್ಣು ಬದಲಾಯಿಸುವ ಬಗ್ಗೆ ನನ್ನ ಅಭಿಪ್ರಾಯ, ಈಗಲೇ ಬೇಡ. ಸೊರಗಿದ ಗಿಡದ ಬೇರು ಕೆದಕಿದರೆ ಇನ್ನೊಂದು ಪೆಟ್ಟು. ಮೊದಲು ತೊಳೆಯಿರಿ. ಕುಂಡವನ್ನು ಸಿಂಕಿನಲ್ಲಿಟ್ಟು ಆ 48ರ ನೀರನ್ನು ನಿಧಾನಕ್ಕೆ ಸುರಿದು ಕೆಳಗಿನಿಂದ ಪೂರ್ತಿ ಹರಿದು ಹೋಗಲು ಬಿಡಿ. ಅರ್ಧ ಗಂಟೆ ಬಿಟ್ಟು ಮತ್ತೆ. ನಾನಾದರೆ ಒಂದು ದಿನಕ್ಕೆ ನಾಲ್ಕೈದು ಸಲ, ವಾರ ಬಿಟ್ಟು ಇನ್ನೊಮ್ಮೆ ಮಾಡುತ್ತೇನೆ. ಕೆಳಗೆ ತಟ್ಟೆಯಲ್ಲಿ ನೀರು ನಿಲ್ಲಿಸಬೇಡಿ, ಬೇರು ಕೊಳೆಯುತ್ತದೆ. ಹೊಸ ಎಲೆ ಚೆನ್ನಾಗಿ ಬಂದ ಮೇಲೆ ಬೇಕಾದರೆ ಸ್ಫ್ಯಾಗ್ನಮ್ ಪಾಚಿ, ಪರ್ಲೈಟ್ ಅನ್ನುವ ಹಗುರವಾದ ಬಿಳಿ ಹರಳು, ತೆಂಗಿನ ಸಿಪ್ಪೆ ಚೂರು ಸೇರಿಸಿ ಬದಲಾಯಿಸಿ. ಸಿಪ್ಪೆಯಲ್ಲೂ ಉಪ್ಪಿರುತ್ತದೆ. ನೆನೆಸಿ, ನೀರು ಚೆಲ್ಲಿ, ಮತ್ತೆ ನೆನೆಸಿ. ತೊಳೆದ ನೀರು ಕಾಫಿ ಬಣ್ಣದಿಂದ ತೆಳು ಟೀ ಬಣ್ಣಕ್ಕೆ ಬರಬೇಕು. ಮಣ್ಣಿನ ಕುಂಡ ಬೇಡ, ಅದು ಉಪ್ಪು ಹೀರಿಕೊಂಡು ಇಟ್ಟುಕೊಳ್ಳುತ್ತದೆ. ಪ್ಲಾಸ್ಟಿಕ್ಕೇ ಇರಲಿ.

ಇನ್ನು ತೇವದ ಮಾತು. ಮಾರ್ಚ್, ಏಪ್ರಿಲ್ ಮಧ್ಯಾಹ್ನ ಇಲ್ಲಿನ ಗಾಳಿ ಹಪ್ಪಳ ಒಣಗಿಸೋಕೆ ಸರಿ, ಈ ಗಿಡಕ್ಕಲ್ಲ. ಹೋದ ವರ್ಷ ನನ್ನ ಬಾಲ್ಕನಿಯಲ್ಲಿ ಗಾಳಿಯ ತೇವ ಅಳೆಯುವ ಮೀಟರ್ 28 ಪರ್ಸೆಂಟ್ ತೋರಿಸಿತ್ತು. ಸ್ಪ್ರೇ ಬಾಟಲಿ ಹಿಡಿದು ದಿನಕ್ಕೆ ಹತ್ತು ಸಲ ಓಡಾಡಿದೆ, ಹತ್ತು ನಿಮಿಷಕ್ಕೆ ಆರುತ್ತಿತ್ತು. ಕೆಲಸಕ್ಕೆ ಬಂದದ್ದು ಬೇರೆ. ಜರೀಗಿಡ, ಮನಿ ಪ್ಲಾಂಟ್ ಎಲ್ಲವನ್ನೂ ಒಂದೇ ಕಡೆ ಗುಂಪಾಗಿಟ್ಟು ನಡುವೆ ಇದನ್ನು ಇಟ್ಟೆ, ಅಗಲ ತಟ್ಟೆಯಲ್ಲಿ ಜಲ್ಲಿ ಹಾಕಿ ಜಲ್ಲಿಯ ಕೆಳಗೆ ನೀರು. ಗುಂಪಿನೊಳಗೆ 50 ದಾಟಿತು. ಫ್ಯಾನಿನ ನೇರಕ್ಕೆ ಮಾತ್ರ ಇಡಬೇಡಿ.

ಊಟದ ಚಿಂತೆ ಬೇಡ. ಮೊದಲನೇ ಮಹಡಿಗೂ ಇರುವೆ ಬರುತ್ತದೆ.


ಗಂಗೋತ್ರಿ_ಗಿಡ
ಫೆಬ್ರವರಿ 17

ಬಾಲ್ಕನಿ ಅವರು ಹೇಳಿದ್ದಕ್ಕೆಲ್ಲ ಹೂಂ. ಸ್ಪ್ರೇ ವಿಷಯದಲ್ಲಿ ಮಾತ್ರ ನನ್ನದು ಸ್ವಲ್ಪ ಬೇರೆ. ಹೊಸ ಕುಡಿಯ ತುದಿ ಉಬ್ಬುವ ಹೊತ್ತಿನಲ್ಲಿ ಬೆಳಿಗ್ಗೆ ಒಂದು ಸಲ ಆ ತುದಿಗೆ ಮಾತ್ರ ಹೊಡೆದರೆ ನನಗೆ ಉಪಯೋಗವಾಗಿದೆ. 48ರ ನೀರಿನಲ್ಲಿ, ಬಕೆಟ್ಟಿನದರಲ್ಲಿ ಅಲ್ಲ :)

ಮಳೆ ಬಂದರೆ ಪಾತ್ರೆ ಇಡಿ. ಅದಕ್ಕಿಂತ ಒಳ್ಳೆಯ ನೀರಿಲ್ಲ. ತಾರಸಿಯಿಂದ ಬೀಳುವ ಮೊದಲ ನೀರು ಧೂಳು, ಅದನ್ನು ಬಿಟ್ಟು ಆಮೇಲಿನದು ಹಿಡಿಯಿರಿ.


ಟೀಚರ್_ಕುವೆಂಪುನಗರ
ಏಪ್ರಿಲ್ 21

ಎರಡು ತಿಂಗಳು ಸುದ್ದಿ ಇಲ್ಲ ಅಂದುಕೊಂಡಿರಬಹುದು. ಹೇಳುವಂಥದ್ದು ಏನೂ ಇರಲಿಲ್ಲ.

ಗಿಡ ಈಗ ದೇವರ ಮನೆಯ ಕಿಟಕಿಯಲ್ಲಿದೆ. ನಮ್ಮ ಮನೆಯಲ್ಲಿ ಪೂರ್ವಕ್ಕೆ ಇರುವುದು ಅದೊಂದೇ. ಹುಳ ತಿನ್ನುವ ಗಿಡ ದೇವರ ಪಕ್ಕ ಅಂತ ನಮ್ಮ ಅತ್ತೆ ಎರಡು ದಿನ ಮುಖ ಗಂಟು ಹಾಕಿಕೊಂಡರು. ಈಗ ಅವರೇ ಬೆಳಿಗ್ಗೆ ಊದಿನಕಡ್ಡಿಯನ್ನು ಅದರಿಂದ ದೂರ ಸರಿಸಿ ಹಚ್ಚುತ್ತಾರೆ. ತೊಳೆಯುವ ಕೆಲಸ ಎರಡು ವಾರ ಮಾಡಿದೆ. ಮೊದಲ ದಿನ ಕೆಳಗಿನಿಂದ ಬಂದ ನೀರು ಕಂದು ಬಣ್ಣ, ಆಮೇಲೆ ತಿಳಿಯಾಯಿತು. ಅಷ್ಟು ಹೊತ್ತಿಗೆ ಮಗ ಒಂದು ಮೀಟರ್ ತರಿಸಿಕೊಟ್ಟಿದ್ದ. ಬಕೆಟ್ ವಿಷಯದಲ್ಲಿ ಅವನಿಗೂ ಸ್ವಲ್ಪ ಪಾಪಪ್ರಜ್ಞೆ. ಕೊನೆಯ ಸಲ ಹರಿದು ಬಂದ ನೀರು 95.

ಮಾರ್ಚಿನಲ್ಲಿ ಬಂದ ಮೊದಲ ಎಲೆಯ ಕುಡಿ ಮತ್ತೆ ಕಪ್ಪಾಯಿತು. ಆವತ್ತು ಬಿಟ್ಟುಬಿಡೋಣ ಅನ್ನಿಸಿತ್ತು. ಎರಡನೆಯ ಎಲೆಯ ಅಂಚು ಸುಡಲಿಲ್ಲ. ಅದರ ಕುಡಿ ಸಾಸಿವೆ ಕಾಳು ದಾಟಿತು, ಕಡಲೆ ಕಾಳಾಯಿತು, ಆಮೇಲೆ ಕುಡಿಯ ತುದಿ ಕೆಳಗೆ ಇಳಿದು ಮತ್ತೆ ಮೇಲಕ್ಕೆ ಕೊಕ್ಕೆಯ ಹಾಗೆ ಬಾಗಿತು. ಮೊದಲು ಚಪ್ಪಟೆಯಾಗಿ, ಹುರುಳಿಕಾಯಿಯ ಹಾಗೆ ಇತ್ತು. ಹೋದ ವಾರ ರಾತ್ರಿ ಗುಡುಗು ಸಹಿತ ಮಳೆ ಬಂತಲ್ಲ, ಇಡ್ಲಿ ಪಾತ್ರೆ, ಸಾರಿನ ಪಾತ್ರೆ ಎಲ್ಲ ತಾರಸಿಗೆ ಹೊತ್ತುಕೊಂಡು ಹೋದೆ. ಎಂಟು ಲೀಟರ್ ಸಿಕ್ಕಿತು. ಮೀಟರ್ 14 ಅಂದಿತು. ಅದನ್ನೇ ಹಾಕುತ್ತಿದ್ದೇನೆ. ಮಳೆಯಿಂದಲೋ, ಅದರ ಹೊತ್ತು ಬಂದಿತ್ತೋ, ಎರಡು ದಿನದಲ್ಲಿ ಹೂಜಿ ಗಾಳಿ ತುಂಬಿದ ಹಾಗೆ ಉಬ್ಬಿತು. ಈಗ ನನ್ನ ಹೆಬ್ಬೆರಳಿನಷ್ಟಿದೆ. ಮೈಮೇಲೆ ಸಣ್ಣ ಕೂದಲು, ಬಾಯಿಯ ಹತ್ತಿರ ಕೆಂಪು ಗೆರೆ ಮೂಡುತ್ತಿದೆ. ಮುಚ್ಚಳ ಇನ್ನೂ ಅಂಟಿಕೊಂಡಿದೆ. ಬೆಳಕಿಗೆ ಹಿಡಿದರೆ ಒಳಗೆ ಅರ್ಧದವರೆಗೆ ನೀರಿನ ನೆರಳು ಕಾಣುತ್ತದೆ.

ಮೊಮ್ಮಗನಿಗೆ ಬೇಸಿಗೆ ರಜೆ, ಇಲ್ಲೇ ಇದ್ದಾನೆ. ಉಗುರಿನಲ್ಲಿ ಮುಚ್ಚಳ ಎತ್ತೋಣ ಅಂತ ಒಂದೇ ಹಠ. ಬೇಡ, ತಾನೇ ತೆರೆಯುತ್ತದೆ ಅಂದಿದ್ದೇನೆ. ತೆರೆದ ಮೇಲೆ ಮುಚ್ಚುವುದಿಲ್ಲ ಅಂತಲೂ ಹೇಳಿದೆ, ಅವನಿಗೆ ತುಂಬಾ ನಿರಾಸೆಯಾಯಿತು. ಕೋಡುಬಳೆ ಡಬ್ಬ ಮೇಲಿನ ಅಟ್ಟಕ್ಕೆ ಹೋಗಿದೆ.


ಮದ್ದೂರು_ವಡೆ
ಏಪ್ರಿಲ್ 21

ತುಂಬಾ ಖುಷಿಯಾಯಿತು ಮೇಡಂ. ಬಕೆಟ್ ನೀರು ಈಗ ಯಾರ ಪಾಲಿಗೆ?


ಟೀಚರ್_ಕುವೆಂಪುನಗರ
ಏಪ್ರಿಲ್ 22

ನೆಲ ಒರೆಸೋಕೆ, ಬಚ್ಚಲು ತೊಳೆಯೋಕೆ. ಕರಿಬೇವಿಗೆ ಹಾಕೋಣ ಅಂತ ಚೊಂಬು ಎತ್ತಿದೆ, ಧೈರ್ಯ ಬರಲಿಲ್ಲ.